ಒಂದೇ ಅಕ್ಷರದ ವ್ಯತ್ಯಾಸ, ನೂರು ಥರದ ಕಾಯಿಲೆ: ಜಮೈಕಾದ ಸಿಕಲ್ ಸೆಲ್ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ನಾನು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದ ವರ್ಷಗಳ ಬಗ್ಗೆ ಬರೆದಿದ್ದೆ. ಅಲ್ಲಿ ಹತ್ತು ಜನರಲ್ಲಿ ಒಬ್ಬರು ಸಿಕಲ್ ಸೆಲ್ (ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ, ಅಪ್ಪ-ಅಮ್ಮನಿಂದ ಬರುವ ಕಾಯಿಲೆ) ಜೀನ್ ಹೊತ್ತಿರುತ್ತಾರೆ ಎಂದು ಒಂದು ಸಾಲು ಹಾಕಿದ್ದೆ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬೆನ್ನು ಹತ್ತಿವೆ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ, ಇದೊಂದೇ.

ಪ್ರಶ್ನೆ: ಮೇಡಂ, ನಾನು ಪಿಯುಸಿ ಓದುತ್ತಿದ್ದೇನೆ. ಒಂದೇ ಒಂದು ಅಕ್ಷರ ಬದಲಾದರೆ ಇಷ್ಟು ದೊಡ್ಡ ಕಾಯಿಲೆ ಬರುತ್ತದೆಯೇ? ನಮ್ಮ ಪುಸ್ತಕದಲ್ಲಿ ಎರಡೇ ಸಾಲು ಇದೆ.

ಬರುತ್ತದೆ ಮಗಳೇ. ರಕ್ತದ ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಇರುತ್ತದೆ. ಅದರಲ್ಲಿ ಎರಡು ಆಲ್ಫಾ ಸರಪಳಿ, ಎರಡು ಬೀಟಾ ಸರಪಳಿ. ಬೀಟಾ ಸರಪಳಿಯ ಜೀನ್ 11ನೇ ಕ್ರೋಮೋಸೋಮ್‌ನಲ್ಲಿದೆ. ಆ ಜೀನ್‌ನಲ್ಲಿ ಒಂದು ಜಾಗದಲ್ಲಿ ಡಿಎನ್ಎ ಅಕ್ಷರ 'ಎ' ಇರಬೇಕಾದಲ್ಲಿ 'ಟಿ' ಬಂದುಬಿಟ್ಟರೆ, ಸರಪಳಿಯ ಆರನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ಬದಲು ವ್ಯಾಲಿನ್ ಎಂಬ ಇನ್ನೊಂದು ಕೂರುತ್ತದೆ. ಅಷ್ಟೇ ವ್ಯತ್ಯಾಸ. ಇದನ್ನೇ ಹಿಮೋಗ್ಲೋಬಿನ್ ಎಸ್ ಅನ್ನುತ್ತೇವೆ. ಇದು ಸಾಮಾನ್ಯ ಹಿಮೋಗ್ಲೋಬಿನ್ ಅಲ್ಲ ಎಂದು 1949ರಲ್ಲಿ ಲೈನಸ್ ಪೌಲಿಂಗ್ ತಂಡ ತೋರಿಸಿತು. ವ್ಯತ್ಯಾಸ ನಿಖರವಾಗಿ ಎಲ್ಲಿದೆ ಎಂದು ಕೆಲವೇ ವರ್ಷಗಳ ನಂತರ ವೆರ್ನನ್ ಇನ್‌ಗ್ರಾಮ್ ಪತ್ತೆ ಮಾಡಿದರು.

ಹಿಮೋಗ್ಲೋಬಿನ್ ಎಸ್ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತದೆ. ಆ ಎಳೆಗಳು ಕಣವನ್ನು ಒಳಗಿನಿಂದ ತಳ್ಳಿ ಬಾಗಿಸುತ್ತವೆ. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ಈ ಕಣ 10ರಿಂದ 20 ದಿನದಲ್ಲೇ ಒಡೆಯುತ್ತದೆ. ಅದಕ್ಕೇ ರಕ್ತಹೀನತೆ. ಬಾಗಿದ, ಗಡುಸಾದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಆ ಭಯಂಕರ ನೋವು.

ಇದನ್ನು ಕಣ್ಣಾರೆ ನೋಡಬಹುದು. ಒಂದು ಹನಿ ರಕ್ತಕ್ಕೆ ಆಮ್ಲಜನಕ ಹೀರುವ ಸೋಡಿಯಂ ಮೆಟಾಬೈಸಲ್ಫೈಟ್ ಸೇರಿಸಿ, ಮೇಲೆ ತೆಳು ಗಾಜು ಮುಚ್ಚಿ, ಗಾಳಿ ಹೋಗದಂತೆ ಅಂಚು ಕಟ್ಟಿ ಸ್ವಲ್ಪ ಹೊತ್ತು ಇಡಬೇಕು. ಗುಂಡಗಿದ್ದ ಕಣಗಳು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಮೊನಚಾಗುತ್ತಾ ಹೋಗುತ್ತವೆ. ಎಷ್ಟು ಸಲ ನೋಡಿದರೂ ನನಗೆ ಎದೆ ಝಲ್ ಅನ್ನುತ್ತಿತ್ತು. ಆದರೆ ಒಂದು ಮಾತು ನೆನಪಿಡು. ಜೀನ್ ಒಂದೇ ಪ್ರತಿ ಇರುವ ಆರೋಗ್ಯವಂತರ ರಕ್ತವೂ ಈ ಪರೀಕ್ಷೆಯಲ್ಲಿ ಹೀಗೇ ಬಾಗುತ್ತದೆ. ಹಾಗಾಗಿ ಇದೊಂದನ್ನೇ ನೋಡಿ ಯಾರಿಗೂ ಕಾಯಿಲೆ ಇದೆ ಎಂದು ಹೇಳಬಾರದು.

ಪ್ರಶ್ನೆ: ಈ ಜೀನ್ ಆ ದ್ವೀಪದಲ್ಲೇ ಹುಟ್ಟಿದ್ದೇ? ಅಲ್ಲೇ ಏಕೆ ಅಷ್ಟೊಂದು?

ಅಲ್ಲಿ ಹುಟ್ಟಿದ್ದಲ್ಲ. ಹಡಗಿನಲ್ಲಿ ಬಂದದ್ದು. 1655ರಲ್ಲಿ ಬ್ರಿಟಿಷರು ಜಮೈಕಾವನ್ನು ಸ್ಪೇನಿನಿಂದ ಕಿತ್ತುಕೊಂಡರು. ಆಮೇಲೆ 1807ರಲ್ಲಿ ಗುಲಾಮರ ವ್ಯಾಪಾರ ನಿಲ್ಲುವವರೆಗೂ ಪಶ್ಚಿಮ ಆಫ್ರಿಕಾದ ಕರಾವಳಿಯಿಂದ ಜನರನ್ನು ಕಟ್ಟಿ ತಂದು ಕಬ್ಬಿನ ತೋಟಗಳಲ್ಲಿ ದುಡಿಸಿದರು. ಆ ಜನರ ರಕ್ತದಲ್ಲಿ ಈ ಜೀನ್ ಇತ್ತು. ಏಕೆಂದರೆ ಅವರ ಊರುಗಳಲ್ಲಿ ಮಲೇರಿಯಾ ಇತ್ತು. ಎಸ್ ಜೀನ್‌ನ ಒಂದೇ ಪ್ರತಿ ಇರುವ ಮಗುವಿಗೆ ತೀವ್ರ ಮಲೇರಿಯಾದಿಂದ ದೊಡ್ಡ ರಕ್ಷಣೆ ಸಿಗುತ್ತದೆ. ಆಂಥನಿ ಆಲಿಸನ್ ಇದನ್ನು 1954ರಲ್ಲಿ ಪೂರ್ವ ಆಫ್ರಿಕಾದ ಅಧ್ಯಯನದಿಂದ ತೋರಿಸಿದರು.

ಎಸ್ ಜೀನ್‌ನ ಅಕ್ಕಪಕ್ಕದ ಡಿಎನ್ಎ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಅದರಲ್ಲಿ ಕೆಲವು ಮಾದರಿಗಳಿವೆ. ಅವುಗಳಿಗೆ ಬೆನಿನ್, ಸೆನೆಗಲ್, ಬಂಟು, ಕ್ಯಾಮರೂನ್, ಅರಬ್-ಭಾರತೀಯ ಎಂದು ಹೆಸರಿಟ್ಟಿದ್ದಾರೆ. ಜಮೈಕಾದವರಲ್ಲಿ ಬೆನಿನ್ ಮಾದರಿಯೇ ಬಹುಪಾಲು. ಬಂಟು ಮತ್ತು ಸೆನೆಗಲ್ ಮಾದರಿಗಳೂ ಸ್ವಲ್ಪ ಇವೆ. ಹಡಗುಗಳು ಯಾವ ಯಾವ ಬಂದರಿನಿಂದ ಜನರನ್ನು ಹೊತ್ತು ತಂದವು ಎಂಬ ಲೆಕ್ಕ ರಕ್ತದಲ್ಲೇ ಉಳಿದಿದೆ. ತಮ್ಮ ಮುತ್ತಜ್ಜನ ಊರು ಯಾವುದೆಂದು ಯಾವ ಕಾಗದದಲ್ಲೂ ಸಿಗದ ಜನ ಅವರು. ಈ ಮಾತು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಒಂದು ಕಾಲದಲ್ಲಿ ಈ ಬದಲಾವಣೆ ಬೇರೆ ಬೇರೆ ಕಡೆ ಹಲವು ಸಲ ಆಗಿರಬೇಕು ಎಂದು ನಂಬಿದ್ದರು. 2018ರಲ್ಲಿ ಡೇನಿಯಲ್ ಶ್ರೈನರ್ ಮತ್ತು ಚಾರ್ಲ್ಸ್ ರೊಟಿಮಿ ಪೂರ್ತಿ ಜೀನೋಮ್‌ಗಳನ್ನು ಓದಿ, ಇದು ಸುಮಾರು 7,300 ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಒಂದೇ ಸಲ ಹುಟ್ಟಿ ಹರಡಿರಬೇಕು ಎಂದು ವಾದಿಸಿದರು. ನನಗೆ ಅವರ ವಾದ ಸರಿ ಅನ್ನಿಸುತ್ತದೆ.

ಪ್ರಶ್ನೆ: ಈ ಕಾಯಿಲೆಯ ಮೊದಲ ರೋಗಿಯೂ ದ್ವೀಪದವನೇ ಎಂದು ಎಲ್ಲೋ ಓದಿದ ನೆನಪು. ನಿಜವೇ?

ವೈದ್ಯರ ಬರಹದಲ್ಲಿ ಮೊದಲು ದಾಖಲಾದ ರೋಗಿ ಹೌದು. ಆದರೆ ಜಮೈಕಾ ಅಲ್ಲ, ಗ್ರೆನಡಾ. ಅವರ ಹೆಸರು ವಾಲ್ಟರ್ ಕ್ಲೆಮೆಂಟ್ ನೋಯೆಲ್. ದಂತವೈದ್ಯಕೀಯ ಓದಲು 1904ರಲ್ಲಿ ಶಿಕಾಗೋಗೆ ಹೋಗಿದ್ದರು. ಅವರ ರಕ್ತದಲ್ಲಿ ಕಂಡ ವಿಚಿತ್ರ ಆಕಾರದ ಕಣಗಳ ಬಗ್ಗೆ ಜೇಮ್ಸ್ ಹೆರಿಕ್ 1910ರಲ್ಲಿ ಪ್ರಕಟಿಸಿದರು. ನೋಯೆಲ್ ಓದು ಮುಗಿಸಿ ಊರಿಗೆ ಮರಳಿ ಸೇಂಟ್ ಜಾರ್ಜಸ್‌ನಲ್ಲಿ ದಂತವೈದ್ಯರಾಗಿ ಕೆಲಸ ಮಾಡಿದರು. 1916ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಎಷ್ಟೋ ವರ್ಷ ಪುಸ್ತಕಗಳಲ್ಲಿ ಅವರ ಹೆಸರೇ ಇರಲಿಲ್ಲ, ವೈದ್ಯರ ಹೆಸರು ಮಾತ್ರ. ಅದಕ್ಕೇ ನಾನು ಹೆಸರು ಹಿಡಿದು ಹೇಳುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ಹತ್ತರಲ್ಲಿ ಒಬ್ಬರು ಎಂದಿರಿ. ಹಾಗಾದರೆ ಕಾಯಿಲೆ ಎಷ್ಟು ಮಕ್ಕಳಿಗೆ? ಮಲೇರಿಯಾ ಹೋದ ಮೇಲೆ ಈ ಜೀನ್ ತಾನಾಗಿ ಕಡಿಮೆಯಾಗಬೇಕಲ್ಲವೇ?

ಮೇಷ್ಟ್ರೇ, ನಿಮ್ಮ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು. ಲೆಕ್ಕ ಹೀಗಿದೆ. ಅಪ್ಪ ವಾಹಕ (ಎಸ್ ಜೀನ್‌ನ ಒಂದೇ ಪ್ರತಿ ಇರುವವರು) ಆಗಿರುವ ಸಾಧ್ಯತೆ ಹತ್ತರಲ್ಲಿ ಒಂದು. ಅಮ್ಮನದೂ ಹತ್ತರಲ್ಲಿ ಒಂದು. ಇಬ್ಬರೂ ವಾಹಕರಾದರೆ ಮಗುವಿಗೆ ಎರಡೂ ಕಡೆಯ ಎಸ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಗುಣಿಸಿದರೆ 400ರಲ್ಲಿ ಒಂದು ಮಗು. ಇಂಥ ಮಗುವಿಗೆ ಎಸ್‌ಎಸ್ ಅನ್ನುತ್ತೇವೆ.

ಈಗ ನಿಜವಾದ ಎಣಿಕೆ ನೋಡಿ. 1973ರ ಜೂನ್‌ನಿಂದ 1981ರ ಡಿಸೆಂಬರ್‌ವರೆಗೆ ಕಿಂಗ್‌ಸ್ಟನ್‌ನ ವಿಕ್ಟೋರಿಯಾ ಜುಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಒಂದಾದ ಮೇಲೊಂದರಂತೆ ಹುಟ್ಟಿದ 1,00,000 ಮಕ್ಕಳ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿದರು. ಗ್ರಹಾಂ ಸರ್ಜೆಂಟ್ ಎಂಬ ವೈದ್ಯರು ಮುಂದೆ ನಿಂತು ಮಾಡಿಸಿದ ಕೆಲಸ ಅದು. ಎಸ್‌ಎಸ್ ಇದ್ದ ಮಕ್ಕಳು 315. ಅಂದರೆ ಸುಮಾರು 317ರಲ್ಲಿ ಒಂದು. ನಮ್ಮ 400ರಲ್ಲಿ ಒಂದು ಎಂಬ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಆಯಿತು ಅಲ್ವಾ? ಒಂದು ಕಾರಣ, ವಾಹಕರ ಜೊತೆಗೆ ಕಾಯಿಲೆ ಇರುವವರೂ ಅಪ್ಪ-ಅಮ್ಮ ಆಗುತ್ತಾರೆ. ಅವರನ್ನು ನಮ್ಮ ಸರಳ ಲೆಕ್ಕದಲ್ಲಿ ಸೇರಿಸಿರಲಿಲ್ಲ.

ಮಲೇರಿಯಾ ವಿಷಯ. ಜಮೈಕಾ ಮಲೇರಿಯಾಮುಕ್ತ ಎಂದು 1960ರ ದಶಕದಲ್ಲೇ ಘೋಷಣೆಯಾಯಿತು. ಅಂದಿನಿಂದ ಅಲ್ಲಿ ವಾಹಕರಿಗೆ ಆ ಲಾಭ ಇಲ್ಲ. ಆದರೂ ಜೀನ್ ಬೇಗ ಹೋಗುವುದಿಲ್ಲ. ಬಹುಪಾಲು ಎಸ್ ಜೀನ್‌ಗಳು ಇರುವುದು ಆರೋಗ್ಯವಾಗಿರುವ ವಾಹಕರಲ್ಲಿ. ಎಸ್‌ಎಸ್ ಇರುವ ಯಾರೂ ಮಕ್ಕಳನ್ನು ಪಡೆಯುವುದೇ ಇಲ್ಲ ಎಂದು ಇಟ್ಟುಕೊಂಡರೂ ಒಂದು ತಲೆಮಾರಿಗೆ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ನೂರಕ್ಕೆ 10 ಇದ್ದ ವಾಹಕರು ಒಂಬತ್ತೂವರೆ ಆಗಬಹುದು, ಅಷ್ಟೇ. ಈಗಂತೂ ಎಸ್‌ಎಸ್ ಇರುವವರೂ ಬದುಕಿ ಸಂಸಾರ ಮಾಡುತ್ತಾರೆ. ಇಳಿಕೆ ಇನ್ನೂ ನಿಧಾನ.

ಪ್ರಶ್ನೆ: ಎಲ್ಲರಿಗೂ ಅದೇ ಒಂದು ಅಕ್ಷರ ಬದಲಾಗಿದ್ದರೆ ಎಲ್ಲರಿಗೂ ಕಾಯಿಲೆ ಒಂದೇ ಥರ ಇರಬೇಕು. ಒಬ್ಬರು ವಾರವಾರ ಆಸ್ಪತ್ರೆಗೆ ಹೋಗುತ್ತಾರೆ, ಇನ್ನೊಬ್ಬರು ಮಾಮೂಲಿ ಕೆಲಸಕ್ಕೆ ಹೋಗುತ್ತಾರೆ ಎಂದು ನೀವೇ ಬರೆದಿದ್ದೀರಿ. ಹೇಗೆ?

ಪತ್ರ ಬರೆದವರು ನರ್ಸಿಂಗ್ ಓದುತ್ತಿರುವ ಹುಡುಗ. ಈ ಸಂಚಿಕೆಯ ಮುಖ್ಯ ಪ್ರಶ್ನೆ ನಿಮ್ಮದೇ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೊದಲನೆಯದು, ಸಿಕಲ್ ಸೆಲ್ ಕಾಯಿಲೆ ಇರುವ ಎಲ್ಲರೂ ಎಸ್‌ಎಸ್ ಅಲ್ಲ. ಜಮೈಕಾದಲ್ಲಿ ಹಿಮೋಗ್ಲೋಬಿನ್ ಸಿ ಎಂಬ ಇನ್ನೊಂದು ಬದಲಾವಣೆಯೂ ಇದೆ. ಅದೂ ಅದೇ ಆರನೇ ಸ್ಥಾನದಲ್ಲೇ, ಆದರೆ ಅಲ್ಲಿ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಅಲ್ಲ, ಲೈಸಿನ್ ಕೂತಿರುತ್ತದೆ. ಈಗಿನ ಬುರ್ಕಿನಾ ಫಾಸೋ ಮತ್ತು ಉತ್ತರ ಘಾನಾ ಕಡೆಯಿಂದ ಬಂದದ್ದು. ಜಮೈಕಾದಲ್ಲಿ ನೂರಕ್ಕೆ ಮೂರೂವರೆ ಜನ ಇದರ ವಾಹಕರು. ಒಬ್ಬರಿಂದ ಎಸ್, ಇನ್ನೊಬ್ಬರಿಂದ ಸಿ ಬಂದರೆ ಎಸ್‌ಸಿ ಕಾಯಿಲೆ. ಸುಮಾರು 500 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಇದು ಸಾಮಾನ್ಯವಾಗಿ ಎಸ್‌ಎಸ್‌ಗಿಂತ ಸೌಮ್ಯ. ಎಷ್ಟೋ ಜನರಿಗೆ ದೊಡ್ಡವರಾಗುವವರೆಗೂ ತಮಗೆ ಕಾಯಿಲೆ ಇದೆ ಎಂದೇ ಗೊತ್ತಿರುವುದಿಲ್ಲ. ಆದರೆ ಕಣ್ಣಿನ ಅಕ್ಷಿಪಟಲದ ತೊಂದರೆ ಎಸ್‌ಸಿಯಲ್ಲೇ ಜಾಸ್ತಿ. ಸೌಮ್ಯ ಎಂದು ಕಣ್ಣು ಪರೀಕ್ಷೆ ಬಿಟ್ಟರೆ ದೃಷ್ಟಿಯೇ ಹೋಗಬಹುದು. ಇನ್ನು ಎಸ್ ಜೊತೆಗೆ ಬೀಟಾ ಥಲಸ್ಸೀಮಿಯಾ (ಬೀಟಾ ಸರಪಳಿ ಸಾಕಷ್ಟು ತಯಾರಾಗದ ಕೊರತೆ) ಸೇರಿದವರು ಇದ್ದಾರೆ. ಬೀಟಾ ಜೀನ್ ಸ್ವಲ್ಪ ಕೆಲಸ ಮಾಡುವ ಥರದ್ದು ಸುಮಾರು 3,000ಕ್ಕೆ ಒಂದು, ಪೂರ್ತಿ ನಿಂತ ಥರದ್ದು ಸುಮಾರು 7,000ಕ್ಕೆ ಒಂದು. ಮೊದಲನೆಯದು ಸೌಮ್ಯ, ಎರಡನೆಯದು ಎಸ್‌ಎಸ್‌ನಷ್ಟೇ ಕಠಿಣ.

ಲ್ಯಾಬಿನಲ್ಲಿ ಇವನ್ನು ಎಲೆಕ್ಟ್ರೋಫೋರೆಸಿಸ್‌ನಿಂದ ಬೇರ್ಪಡಿಸುತ್ತಿದ್ದೆವು. ಸೆಲ್ಯುಲೋಸ್ ಅಸಿಟೇಟ್ ಪಟ್ಟಿಯ ಮೇಲೆ ರಕ್ತದ ಗೆರೆ ಹಾಕಿ ವಿದ್ಯುತ್ ಹರಿಸಿದರೆ ಎ, ಅಂದರೆ ಸಾಮಾನ್ಯ ಹಿಮೋಗ್ಲೋಬಿನ್, ಎಲ್ಲಕ್ಕಿಂತ ಮುಂದೆ ಓಡುತ್ತದೆ. ಅದರ ಹಿಂದೆ ಎಫ್ (ಇದರ ಬಗ್ಗೆ ಮುಂದೆ ಹೇಳುತ್ತೇನೆ), ಅದರ ಹಿಂದೆ ಎಸ್, ಕೊನೆಗೆ ಸಿ. ಕೆಂಪು ಬಣ್ಣದಲ್ಲಿ ಅದ್ದಿದಾಗ ಗೆರೆಗಳು ಎದ್ದು ಕಾಣುತ್ತವೆ. ಎ ಮತ್ತು ಎಸ್ ಎರಡೂ ಇದ್ದು ಎ ದಪ್ಪಗಿದ್ದರೆ ವಾಹಕ. ಎಸ್ ಮತ್ತು ಸಿ ಮಾತ್ರ ಇದ್ದು ಎ ಇಲ್ಲದಿದ್ದರೆ ಎಸ್‌ಸಿ. ಎಸ್ ಒಂದೇ ಇದ್ದು ಸ್ವಲ್ಪ ಎಫ್ ಕಂಡರೆ ಅಲ್ಲಿ ನಿಲ್ಲಬಾರದು. ಅದು ಎಸ್‌ಎಸ್ ಇರಬಹುದು, ಬೀಟಾ ಪೂರ್ತಿ ನಿಂತ ಥಲಸ್ಸೀಮಿಯಾವೂ ಇರಬಹುದು. ಅಪ್ಪ-ಅಮ್ಮನ ರಕ್ತವನ್ನೂ ನೋಡಿಯೇ ಹೇಳಬೇಕು.

ಎರಡನೆಯದು ಎಫ್. ಹೊಟ್ಟೆಯಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಇದು. ಇದರಲ್ಲಿ ಬೀಟಾ ಸರಪಳಿಯೇ ಇಲ್ಲ, ಬದಲಿಗೆ ಗಾಮಾ ಸರಪಳಿ. ಹಾಗಾಗಿ ಇದು ಎಸ್‌ನ ಎಳೆಗಳಿಗೆ ಸೇರಿಕೊಳ್ಳುವುದಿಲ್ಲ, ಎಳೆ ಕಟ್ಟುವುದನ್ನು ತಡೆಯುತ್ತದೆ. ಎಸ್‌ಎಸ್ ಮಗು ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ನಾಲ್ಕಾರು ತಿಂಗಳಲ್ಲಿ ಎಫ್ ಇಳಿಯುತ್ತಾ ಬಂದಂತೆ ಕೈಬೆರಳು, ಕಾಲ್ಬೆರಳು ಊದಿಕೊಂಡು ನೋಯಲು ಶುರುವಾಗುತ್ತದೆ. ಆದರೆ ಎಫ್ ಎಲ್ಲರಲ್ಲೂ ಒಂದೇ ಮಟ್ಟಕ್ಕೆ ಇಳಿಯುವುದಿಲ್ಲ. ಕೆಲವರಲ್ಲಿ ನೂರಕ್ಕೆ ಒಂದೆರಡಕ್ಕೆ ನಿಂತರೆ ಕೆಲವರಲ್ಲಿ 15 ದಾಟುತ್ತದೆ. ಯಾರಲ್ಲಿ ಎಷ್ಟು ಉಳಿಯಬೇಕು ಎನ್ನುವುದರಲ್ಲಿ ಬೇರೆ ಜೀನ್‌ಗಳ ಕೈವಾಡ ಇದೆ. ಎಫ್ ತಯಾರಿಯನ್ನು ಅದುಮಿಡುವ, 2ನೇ ಕ್ರೋಮೋಸೋಮ್‌ನ ಬಿಸಿಎಲ್11ಎ ಮುಖ್ಯವಾದದ್ದು. 6ನೇ ಕ್ರೋಮೋಸೋಮ್‌ನಲ್ಲೂ ಇಂಥದ್ದೊಂದು ಜಾಗ ಇದೆ. ಬೀಟಾ ಜೀನ್‌ನ ಹತ್ತಿರವೇ ಇನ್ನೊಂದು ಇದೆ. ಆ 315 ಮಕ್ಕಳನ್ನು ಹಿಂಬಾಲಿಸಿದಾಗ ಆರು ತಿಂಗಳಲ್ಲಿ ಎಫ್ ಕಡಿಮೆ ಇದ್ದ ಮಕ್ಕಳಿಗೆ ಗುಲ್ಮದ (ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್) ತೊಂದರೆ ಜಾಸ್ತಿ ಎಂದು ಕಂಡಿತು.

ಮೂರನೆಯದು ನನಗೆ ತುಂಬಾ ಇಷ್ಟವಾದ ವಿಷಯ, ಆಲ್ಫಾ ಜೀನ್. ಸಾಮಾನ್ಯವಾಗಿ ನಮ್ಮಲ್ಲಿ ಆಲ್ಫಾ ಜೀನ್ ನಾಲ್ಕು ಇರುತ್ತವೆ. ಜಮೈಕಾದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದರಲ್ಲಿ ಒಂದು ಇಲ್ಲ. ನೂರಕ್ಕೆ ಮೂರ್ನಾಲ್ಕು ಜನರಿಗೆ ಎರಡು ಇಲ್ಲ. ಇದರಿಂದ ಅವರಿಗೆ ತೊಂದರೆಯೇನೂ ಇಲ್ಲ. ಎಸ್‌ಎಸ್ ಇದ್ದವರಿಗೆ ಈ ಕೊರತೆಯೂ ಇದ್ದರೆ ಕಣದೊಳಗೆ ಎಸ್‌ನ ಸಾಂದ್ರತೆ ಕಡಿಮೆ ಆಗುತ್ತದೆ, ಎಳೆ ನಿಧಾನವಾಗಿ ಕಟ್ಟುತ್ತದೆ. ಕಣ ಬೇಗ ಒಡೆಯುವುದಿಲ್ಲ, ರಕ್ತ ಜಾಸ್ತಿ ಇರುತ್ತದೆ. ಡಗ್ಲಸ್ ಹಿಗ್ಸ್ ಮತ್ತು ಸರ್ಜೆಂಟ್ ತಂಡ ಜಮೈಕಾದ ರೋಗಿಗಳಲ್ಲಿ ಇದನ್ನು 1982ರಲ್ಲಿ ತೋರಿಸಿತು. ಹಾಗಾದರೆ ನೋವೂ ಕಡಿಮೆ ಆಗಬೇಕಲ್ಲ ಎಂದು ಕೇಳುತ್ತೀರಿ. ಆಗುವುದಿಲ್ಲ! ರಕ್ತ ಜಾಸ್ತಿಯಾದರೆ ಮಂದವಾಗುತ್ತದೆ. ಮಂದ ರಕ್ತ ಸಣ್ಣ ನಾಳಗಳಲ್ಲಿ ಸುಲಭವಾಗಿ ಹರಿಯುವುದಿಲ್ಲ. ಪಾರ್ಶ್ವವಾಯು, ಕಾಲಿನ ಹುಣ್ಣು ಕಡಿಮೆಯಾದರೂ ನೋವು ಕಡಿಮೆಯಾಗುವುದಿಲ್ಲ, ಸೊಂಟದ ಕೀಲಿನ ಮೂಳೆ ಸವೆಯುವುದು ಜಾಸ್ತಿ. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಳ್ಳುವ ಜೀನ್ ಇದು. 'ಒಳ್ಳೆ ಜೀನ್, ಕೆಟ್ಟ ಜೀನ್' ಎಂದು ಯಾರಾದರೂ ಮಾತಾಡಿದರೆ ನಾನು ಇದನ್ನೇ ಮುಂದಿಡುತ್ತೇನೆ.

ಸರ್ಜೆಂಟ್ ತಂಡ ಒಡಿಶಾದ ಬುರ್ಲಾದ ವೈದ್ಯರ ಜೊತೆ ಸೇರಿ ಅಲ್ಲಿನ ರೋಗಿಗಳನ್ನು ಜಮೈಕಾದವರ ಜೊತೆ ಹೋಲಿಸಿ 1986ರಲ್ಲಿ ಪ್ರಕಟಿಸಿತು. ಎರಡೂ ಕಡೆ ಎಸ್‌ಎಸ್‌ನ ಬದಲಾವಣೆ ಒಂದೇ. ಆದರೆ ಒಡಿಶಾದವರಲ್ಲಿ ಎಫ್ ಜಾಸ್ತಿ, ಆಲ್ಫಾ ಕೊರತೆಯೂ ಜಾಸ್ತಿ. ಜಮೈಕಾದಲ್ಲಿ ಅಷ್ಟು ಸಾಮಾನ್ಯವಾದ ಕಾಲಿನ ಹುಣ್ಣು ಅಲ್ಲಿ ಅಪರೂಪ. ಗುಲ್ಮ ಮಾತ್ರ ದೊಡ್ಡವರಾದ ಮೇಲೂ ಊದಿಯೇ ಇರುತ್ತದೆ. ಹಾಗಾಗಿ ಒಂದು ಊರಿನ ಅನುಭವವನ್ನು ಇನ್ನೊಂದು ಊರಿಗೆ ಸುಮ್ನೆ ಅಂಟಿಸಲು ಬರುವುದಿಲ್ಲ.

ಪ್ರಶ್ನೆ: ನನ್ನ ಮಗ ಕಿಂಗ್‌ಸ್ಟನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಹುಡುಗಿಯನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ. ಅವಳಿಗೆ ಸಿಕಲ್ ಟ್ರೇಟ್ ಇದೆಯಂತೆ. ನಮ್ಮ ನೆಂಟರು ಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ?

ಅಮ್ಮಾ, ಟ್ರೇಟ್ ಎಂದರೆ ಕಾಯಿಲೆಯಲ್ಲ. ಆ ಹುಡುಗಿ ವಾಹಕಿ, ಅಷ್ಟೇ. ಜೀನ್‌ನ ಒಂದು ಪ್ರತಿ ಮಾತ್ರ ಅವಳಲ್ಲಿದೆ. ಅವಳ ಊರಿನಲ್ಲಿ ಹತ್ತರಲ್ಲಿ ಒಬ್ಬರು ಹಾಗೇ ಇದ್ದು ಓಡಾಡಿಕೊಂಡು, ದುಡಿದುಕೊಂಡು, ಮೊಮ್ಮಕ್ಕಳನ್ನು ಕಂಡು ಬದುಕುತ್ತಾರೆ. ತನಗೆ ಟ್ರೇಟ್ ಇದೆ ಎಂದು ಅವಳು ಮೊದಲೇ ಹೇಳಿದ್ದಾಳೆ. ಅಂಥ ಹುಡುಗಿಯನ್ನು ನೆಂಟರ ಮಾತಿಗೆ ಬೇಡ ಎನ್ನಬೇಡಿ.

ಪರೀಕ್ಷೆ ಮಾಡಿಸಬೇಕಾದವನು ನಿಮ್ಮ ಮಗ. ಅವನಲ್ಲಿ ಎಸ್, ಬೀಟಾ ಥಲಸ್ಸೀಮಿಯಾ, ಹಿಮೋಗ್ಲೋಬಿನ್ ಸಿ, ಡಿ, ಇ ಯಾವುದೂ ಇಲ್ಲದಿದ್ದರೆ ಅವರ ಮಕ್ಕಳಿಗೆ ಸಿಕಲ್ ಸೆಲ್ ಕಾಯಿಲೆ ಬರುವ ಭಯವಿಲ್ಲ. ಪ್ರತಿ ಮಗುವಿಗೂ ಟ್ರೇಟ್ ಬರುವ ಸಾಧ್ಯತೆ ಅರ್ಧ, ಅದರಿಂದ ತೊಂದರೆಯಿಲ್ಲ. ಅವನು 'ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ' ಎಂದು ಪರೀಕ್ಷೆ ತಪ್ಪಿಸಿಕೊಳ್ಳಬಾರದು. ಬೀಟಾ ಥಲಸ್ಸೀಮಿಯಾದ ವಾಹಕರು ಭಾರತದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೇ ಗೊತ್ತಿರುವುದಿಲ್ಲ. ಬರೀ ಸಿಕ್ಲಿಂಗ್ ಪರೀಕ್ಷೆ (ಮೇಲೆ ಹೇಳಿದ, ಕಣ ಬಾಗುವುದನ್ನು ನೋಡುವ ಪರೀಕ್ಷೆ) ಸಾಲದು, ಅದರಲ್ಲಿ ಥಲಸ್ಸೀಮಿಯಾ ಕಾಣುವುದೇ ಇಲ್ಲ. ರಕ್ತಕಣಗಳ ಪೂರ್ಣ ಎಣಿಕೆ, ಜೊತೆಗೆ ಎ2 ಎಂಬ ಇನ್ನೊಂದು ಥರದ ಹಿಮೋಗ್ಲೋಬಿನ್‌ನ ಪ್ರಮಾಣ ಅಳೆಯುವ ಹಿಮೋಗ್ಲೋಬಿನ್ ಪರೀಕ್ಷೆ ಕೇಳಿ ಮಾಡಿಸಲಿ.

ಒಂದು ವೇಳೆ ಅವನೂ ವಾಹಕನಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ನಾಲ್ಕು ಮಕ್ಕಳಾದರೆ ಒಂದಕ್ಕೆ ಬಂದು ಉಳಿದ ಮೂರು ಪಾರು ಎಂದು ಅರ್ಥವಲ್ಲ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು. ಆಗ ಇಬ್ಬರೂ ಜೆನೆಟಿಕ್ ಸಲಹೆಗಾರರ ಹತ್ತಿರ ಕೂತು ಮಾತಾಡಲಿ. ತೀರ್ಮಾನ ಅವರಿಬ್ಬರದ್ದು.

ಪ್ರಶ್ನೆ: ಜೀನ್ ಬಗ್ಗೆ ಇಷ್ಟೆಲ್ಲ ಗೊತ್ತಾಗಿ ರೋಗಿಗಳಿಗೆ ಏನು ಸಿಕ್ಕಿತು?

ಈ ಪ್ರಶ್ನೆಯಲ್ಲಿ ಸ್ವಲ್ಪ ಸಿಟ್ಟಿದೆ. ಇರಲಿ, ಕೇಳಲೇಬೇಕಾದದ್ದು.

ಹುಟ್ಟಿದ ದಿನವೇ ಯಾವ ಮಗುವಿಗೆ ಕಾಯಿಲೆ ಇದೆ ಎಂದು ಗೊತ್ತಾದದ್ದರಿಂದಲೇ ಬಹಳ ಮಕ್ಕಳು ಉಳಿದವು. ಎಸ್‌ಎಸ್ ಇರುವ ಕೂಸಿಗೆ ಕೆಲವೊಮ್ಮೆ ಇದ್ದಕ್ಕಿದ್ದಂತೆ ರಕ್ತವೆಲ್ಲ ಗುಲ್ಮಕ್ಕೆ ನುಗ್ಗಿ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಜಮೈಕಾದಲ್ಲಿ ತಾಯಂದಿರಿಗೆ ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಗುಲ್ಮ ಮುಟ್ಟಿ ನೋಡುವುದನ್ನು ಕಲಿಸಿದರು. ಊದಿದ್ದು ಕೈಗೆ ಸಿಕ್ಕಿದ ಕೂಡಲೇ ಮಗುವನ್ನು ಎತ್ತಿಕೊಂಡು ಬರಬೇಕು, ರಕ್ತ ಕೊಡುತ್ತಾರೆ. ಇದರಿಂದ ಈ ತೊಂದರೆಯಲ್ಲಿ ಸಾಯುವ ಮಕ್ಕಳ ಪ್ರಮಾಣ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅಮ್ಮಂದಿರೂ ಇದನ್ನು ಕಲಿತರು. ಮಗುವಿನ ಪಕ್ಕೆ ಮುಟ್ಟಿ 'ಇವತ್ತು ಎರಡು ಬೆರಳು' ಎಂದು ಅವರು ಹೇಳಿದರೆ ನಮ್ಮ ವೈದ್ಯರು ನಂಬುತ್ತಿದ್ದರು. ನನ್ನ ಮಟ್ಟಿಗೆ ಇಡೀ ಅಧ್ಯಯನದ ದೊಡ್ಡ ಫಲ ಇದೇ.

ಇನ್ನೊಂದು ಪೆನ್ಸಿಲಿನ್. ಗುಲ್ಮ ಬೇಗ ಕೆಡುವುದರಿಂದ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಈ ಮಕ್ಕಳಿಗೆ ಮಾರಕ. ಪೆನ್ಸಿಲಿನ್ ಮೊದಲೇ ಕೊಟ್ಟರೆ ತಡೆಯಬಹುದು ಎಂದು ಜಮೈಕಾದಿಂದ 1984ರಲ್ಲೇ ವರದಿ ಬಂತು. ರಕ್ತ ಉತ್ಪತ್ತಿ ಇದ್ದಕ್ಕಿದ್ದಂತೆ ನಿಂತುಹೋಗುವ ಇನ್ನೊಂದು ಆಪತ್ತಿಗೆ ಪಾರ್ವೊ ವೈರಸ್ ಕಾರಣ ಎಂದು 1981ರಲ್ಲಿ ಗೊತ್ತಾದದ್ದರಲ್ಲೂ ಜಮೈಕಾದ ಮಕ್ಕಳ ಪಾಲಿದೆ.

ಎಫ್ ಬಗ್ಗೆ ತಿಳಿದದ್ದೂ ಔಷಧಿಯಾಯಿತು. ಹೈಡ್ರಾಕ್ಸಿಯೂರಿಯಾ ಮಾತ್ರೆ ಎಫ್ ಹೆಚ್ಚಿಸುತ್ತದೆ, ನೋವಿನ ಸರದಿ ಕಡಿಮೆ ಮಾಡುತ್ತದೆ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ಒಪ್ಪಿಗೆ ಸಿಕ್ಕ ಕ್ಯಾಸ್ಜೆವಿ ಚಿಕಿತ್ಸೆ ಬಿಸಿಎಲ್11ಎ ಜೀನ್‌ನ ಸ್ವಿಚ್ಚನ್ನೇ ರಕ್ತದ ಮೂಲಕಣಗಳಲ್ಲಿ ಕತ್ತರಿಸುತ್ತದೆ. ಆಗ ಎಫ್ ಮತ್ತೆ ಬರುತ್ತದೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಯಾವ ಜನರ ರಕ್ತದಿಂದ ಈ ವಿದ್ಯೆ ಕಲಿತೆವೋ ಆ ಜನರ ಕೈಗೆ ಅದು ಎಟುಕುವುದಿಲ್ಲ. ಇದು ಅನ್ಯಾಯ. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಪೆನ್ಸಿಲಿನ್, ಹೈಡ್ರಾಕ್ಸಿಯೂರಿಯಾ, ಹುಟ್ಟಿದ ಕೂಡಲೇ ಪರೀಕ್ಷೆ, ಕಲಿತ ತಾಯಿ ಇಷ್ಟು ಇದ್ದರೂ ಎಷ್ಟೋ ಜೀವ ಉಳಿಯುತ್ತದೆ.

ಪ್ರಶ್ನೆ: ಆ 315 ಮಕ್ಕಳು ಈಗ ಎಲ್ಲಿ?

1973ರಲ್ಲಿ ಹುಟ್ಟಿದವರಿಗೆ ಈಗ 50 ದಾಟಿದೆ. ಎಲ್ಲರೂ ಉಳಿದಿಲ್ಲ. ಮೊದಲ ವರ್ಷಗಳಲ್ಲೇ ಹಲವರನ್ನು ಕಳೆದುಕೊಂಡರು. ಗುಲ್ಮ ಮುಟ್ಟಿ ನೋಡುವುದೂ ಪೆನ್ಸಿಲಿನ್ನೂ ಬರುವ ಮುಂಚೆ ಹೋದವರು ಅವರು. ಉಳಿದವರಲ್ಲಿ ಶಿಕ್ಷಕರು, ಗುಮಾಸ್ತರು, ಅಪ್ಪ-ಅಮ್ಮಂದಿರು ಆದವರಿದ್ದಾರೆ. ಜಮೈಕಾದ ಕ್ಲಿನಿಕ್‌ಗೆ ಬರುತ್ತಿದ್ದ ಎಸ್‌ಎಸ್ ರೋಗಿಗಳ ದಾಖಲೆ ನೋಡಿ 2001ರಲ್ಲಿ ಮಾಡಿದ ಅಂದಾಜಿನಂತೆ ಗಂಡಸರಲ್ಲಿ ಅರ್ಧದಷ್ಟು ಜನ 53 ವರ್ಷದವರೆಗೆ, ಹೆಂಗಸರಲ್ಲಿ ಅರ್ಧದಷ್ಟು ಜನ 58ರ ಆಚೆಗೂ ಬದುಕುತ್ತಾರೆ. ಬಾಲ್ಯ ದಾಟುವುದೇ ಕಷ್ಟ ಎಂದು ಹಳೆಯ ಪುಸ್ತಕಗಳು ಬರೆದಿದ್ದ ಕಾಯಿಲೆ ಇದು.

ಥಲಸ್ಸೀಮಿಯಾ ಬಗ್ಗೆ ಬಂದಿರುವ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ. ರಕ್ತದ ವರದಿ ಕಳಿಸುವವರು ಎ2 ಪ್ರಮಾಣ ಇರುವ ಪುಟವನ್ನೂ ಸೇರಿಸಿ ಕಳಿಸಿ.